ಮೊದಲ ಕೂಗು ಯಾರದು?

ಫೆಬ್ರವರಿ 6

ಪ್ರೀತಿಯ ಸೂಜಿ,

ಹೇಗಿದ್ದೀಯೇ? ಬೈಯಬೇಡ, ಮೊದಲು ಓದು. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಹೊಲಿಗೆ ಮೆಷಿನಿನ ಡ್ರಾಯರಿನಲ್ಲಿ ನೂಲಿನ ಉಂಡೆಗಳ ಜೊತೆ ಮಲಗಿತ್ತು. "ಫೋನ್ ಮಾಡಿದರೆ ಎತ್ತಲ್ಲ, ದೊಡ್ಡ ಲೀಡರ್ ಆಗಿಬಿಟ್ಯಾ?" ಎಂದು ಕೇಳಿದ್ದೀಯ. ಲೀಡರೂ ಇಲ್ಲ, ಗೀಡರೂ ಇಲ್ಲ. ಗಂಟಲು ಕಟ್ಟಿದೆ, ಅಷ್ಟೇ. ಬಾಯಿ ಬಿಟ್ಟರೆ ತುಕ್ಕು ಹಿಡಿದ ಗೇಟು ಎಳೆದ ಹಾಗೆ ಕೇಳುತ್ತದೆ. ಆ ದನಿಯಲ್ಲಿ ನಿನ್ನ ಹತ್ತಿರ ಮಾತಾಡಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವುದು ನಿನ್ನ ಕೆಲಸ, ಕೂಗುವುದು ನನ್ನ ಕೆಲಸ ಅಂತ ನಾವಿಬ್ಬರೂ ಯಾವತ್ತೋ ಹಂಚಿಕೊಂಡಿದ್ದೆವು. ಗಾರ್ಮೆಂಟ್ಸ್ ಗೇಟಿನ ಮುಂದೆ ನೀನು ಚೀಟಿಯಲ್ಲಿ ಗೀಚಿ ಕೊಡುತ್ತಿದ್ದೆ, ನಾನು ಗಂಟಲು ಹರಿದುಕೊಳ್ಳುತ್ತಿದ್ದೆ. ನೀನು ಗಂಡನ ಹಿಂದೆ ಊರು ಬಿಟ್ಟೆ. ಎರಡೂ ನನ್ನ ತಲೆಗೇ ಬಿತ್ತು. ತಪ್ಪಿದ್ದರೆ ಹೆಸರಿಗೆ ತಕ್ಕ ಹಾಗೆ ಚುಚ್ಚಬೇಡ.

ನೀನು ಹೊರಟ ದಿನ ನಾನು ಕಳಿಸಿದ ಬೈಗುಳದ ಆಡಿಯೋ ಇನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದೀಯಂತೆ, ನನ್ನ ಮೇಲೆ ಕೇಸು ಹಾಕೋಕೆ ಸಾಕ್ಷಿ ಅಂತೆ. ಹಾಕು ಹಾಕು. ಕೋರ್ಟಿನಲ್ಲೂ ಅದನ್ನೇ ಬೈಯುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. ಕಣ್ಣು ಪೂರ್ತಿ ಹೋಯಿತು. ಬೆಳಕು ಯಾವುದು, ಕತ್ತಲೆ ಯಾವುದು ಅನ್ನುವ ಗುರುತೂ ಈಗ ಇಲ್ಲ. ಕಿವಿ ಮಾತ್ರ ಬೆಕ್ಕಿನದು. ನಾನು ಬೀದಿಯ ತುದಿಯಲ್ಲಿ ಯಾರ ಜೊತೆಗಾದರೂ ಜಗಳಕ್ಕೆ ನಿಂತರೆ ಒಳಗೆ ಕೂತೇ "ಬಂತು ನಮ್ಮನೆ ರೇಡಿಯೋ" ಅನ್ನುತ್ತಾಳೆ. ಹಗಲೆಲ್ಲ ಒಬ್ಬಳೇ ಇರುವುದಲ್ಲವಾ, ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತಾಳೆ. ನಾನು ಬಾಗಿಲಿಗೆ ಬಂದು "ಅಮ್ಮಾ" ಅಂದರೇ ಚಿಲಕ ತೆಗೆಯುವುದು. ಬೇರೆ ಯಾರು ಬಂದರೂ ಕೋಲು ಹಿಡಿದು ನಿಲ್ಲುತ್ತಾಳೆ. ನಿನ್ನನ್ನೂ ಕೇಳುತ್ತಿರುತ್ತಾಳೆ, "ಆ ಸಣ್ಣ ದನಿಯವಳು, ನಿನ್ನ ಬಾಲ, ಎಲ್ಲೇ ಹೋದ್ಲು?" ಅಂತ.

ಇನ್ನು ನಮ್ಮ ಪಾರ್ಟಿ ಸಂಘದ ಸುದ್ದಿ. ಏನಂತ ಬರೆಯಲಿ? ಸೈಕಲ್ ಅಂಗಡಿಯ ಮೇಲಿನ ಅದೇ ಎರಡು ರೂಮು, ಅದೇ ಕೇರಂ ಬೋರ್ಡು, ಖಾಲಿ ಎಣ್ಣೆ ಡ್ರಮ್ಮಿನಲ್ಲಿ ನಿಲ್ಲಿಸಿದ ಅದೇ ಬಾವುಟಗಳು. ಎಲೆಕ್ಷನ್ ಬಂದರೆ ಎದ್ದು ಕೂರುತ್ತದೆ, ಮುಗಿದರೆ ಮಗ್ಗಲು ಬದಲಿಸಿ ಮಲಗುತ್ತದೆ. ಅಧ್ಯಕ್ಷ ಈಗಲೂ ಸಿಮೆಂಟಣ್ಣನೇ. ಸಿಮೆಂಟು ಮಾರಿ ಮಾರಿ ಮೈ ಮಾತ್ರ ಅಲ್ಲ, ಮನಸ್ಸೂ ಗಟ್ಟಿಯಾಗಿದೆ. ಮುಂದಿನ ಸಲ ಪಾರ್ಟಿ ಟಿಕೆಟ್ ಸಿಗುತ್ತದೆ ಅಂತ ಕನಸು ಕಾಣುತ್ತಾ ಕೂತಿದ್ದಾನೆ.

ನಮ್ಮ ಸಣ್ಣಾಸ್ಪತ್ರೆ ಮುಚ್ಚಿಬಿಟ್ಟರು ಕಣೇ. ಹಳದಿ ಬಣ್ಣದ ಆ ಮೂರು ಕೋಣೆ, ನಿನ್ನ ಮಗಳಿಗೆ ಜ್ವರ ಬಂದಾಗ ನಾವಿಬ್ಬರೂ ಬೆಂಚಿನ ಮೇಲೆ ಕೂತು ತೂಕಡಿಸಿದ್ದ ಜಾಗ. "ಹತ್ತಿರದಲ್ಲೇ ದೊಡ್ಡಾಸ್ಪತ್ರೆ ಇರುವುದರಿಂದ" ಅಂತ ನಗರಸಭೆಯವರು ಬಾಗಿಲಿಗೆ ಕಾಗದ ಅಂಟಿಸಿದ್ದಾರೆ. ಹತ್ತಿರ! ಕಾರಿದ್ದವನಿಗೆ ಎಲ್ಲವೂ ಹತ್ತಿರ. ನಮಗೆ ಎರಡು ಬಸ್ಸು, ನಡುವೆ ರೈಲ್ವೆ ಗೇಟು. ನರ್ಸಮ್ಮನನ್ನು ಎಲ್ಲಿಗೋ ಎತ್ತಿ ಹಾಕಿದರು. ಬೋರ್ಡು ಕಿತ್ತ ಜಾಗದಲ್ಲಿ ಮೊಳೆಯ ತೂತುಗಳು ಮಾತ್ರ ಉಳಿದಿವೆ.

ಬ್ರೇಕು ನೆನಪಿದ್ದಾನಾ? ಸರಕಿನ ವ್ಯಾನು ಓಡಿಸುವವನು. ಮಾತಾಡುವಾಗ ನಾಲಿಗೆ ತಡೆಯುತ್ತದೆ ಅಂತ ನಮ್ಮ ಸಂಘದ ಮಹಾಶಯರೇ ಅವನಿಗೆ ಆ ಹೆಸರಿಟ್ಟು, ಸ್ವಂತ ಹೆಸರನ್ನು ಮರೆಸಿಬಿಟ್ಟಿದ್ದು. ಅವನ ಅಪ್ಪನಿಗೆ ಉಬ್ಬಸ. ಉಸಿರು ಕಟ್ಟಿದಾಗಲೆಲ್ಲ ಸಣ್ಣಾಸ್ಪತ್ರೆಗೆ ಹೋಗಿ ಮೂಗಿಗೆ ಔಷಧಿಯ ಹೊಗೆ ಹಿಡಿಸಿಕೊಂಡು, ನರ್ಸಮ್ಮನ ಜೊತೆ ತಮಾಷೆ ಮಾಡಿ ನಡೆದುಕೊಂಡೇ ಮನೆಗೆ ಬರುತ್ತಿದ್ದ. ಈ ಸಲ ಬ್ರೇಕು ಅಪ್ಪನನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೊರಟ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು. ಗೇಟು ತೆಗೆದಾಗ ಇವನು ವ್ಯಾನನ್ನು ಮುಂದಕ್ಕೆ ಬಿಡಲಿಲ್ಲ. ಹಿಂದಕ್ಕೆ ತಿರುಗಿಸಿದ.

ಮಣ್ಣಿಗೆ ನಮ್ಮ ಸಂಘದವರೆಲ್ಲ ಬಂದರು. ಬಾವುಟ ಹೊದಿಸಿದರು. "ಪಕ್ಷದ ನಿಷ್ಠಾವಂತ ಕಾರ್ಯಕರ್ತನನ್ನು ಕಳೆದುಕೊಂಡಿದ್ದೇವೆ" ಅಂತ ಸಿಮೆಂಟಣ್ಣ ಭಾಷಣ ಬಿಗಿದ. ನನ್ನ ಮೈ ಉರಿದುಹೋಯಿತು. ಕಳೆದುಕೊಂಡಿದ್ದೇವಂತೆ! ಕೊಡೆ ಕಳೆದುಹೋದ ಹಾಗೆ!

ಮುಂದಿನ ಸಭೆಯಲ್ಲಿ ಕೇರಂ ಬೋರ್ಡಿನ ಮೇಲೆ ಕೈಯಿಟ್ಟು ಕೇಳಿದೆ. "ಆಸ್ಪತ್ರೆ ಮುಚ್ಚಿದ್ದು ಯಾರು?"

"ನಗರಸಭೆ" ಅಂದರು.

"ನಗರಸಭೆ ಯಾರದು?"

ಎಲ್ಲರೂ ಸೂರು ನೋಡಿದರು. ಕೊನೆಗೆ ನಮ್ಮ ಇಸ್ತ್ರಿ ಅತ್ತಿಗೆಯೇ ಹೇಳಿದಳು. "ನಮ್ದೇ ಪಾರ್ಟಿದು. ಅದಕ್ಕೇ ಯಾರಿಗೂ ಬಾಯಿ ಬರ್ತಿಲ್ಲ."

"ನೋಡಕ್ಕಾ, ಮನೆ ಜಗಳ ಬೀದಿಗೆ ತರಬಾರದು" ಅಂದ ಸಿಮೆಂಟಣ್ಣ.

"ಅಣ್ಣಾ, ಬ್ರೇಕು ಅಪ್ಪ ಸತ್ತಿದ್ದು ಬೀದೀಲೇ" ಅಂದೆ.

ಅವನಿಗೆ ಎಲ್ಲೋ ಚುಚ್ಚಿರಬೇಕು. ಬಡ ರೋಗಿಗಳಿಗೆ ಊರುಗೋಲು ದಾನ ಮಾಡುತ್ತೇನೆ ಅಂದ, ತನ್ನ ಫೋಟೊ ಹಾಕಿಸಿ. ಊರುಗೋಲಿನ ಮೇಲೆ ಫೋಟೊ ಎಲ್ಲಿ ಅಂಟಿಸುವುದು ಅಂತ ಅರ್ಧ ಸಭೆ ಅದರಲ್ಲೇ ಹೋಯಿತು. ಅವನ ಮುಖ ಅಗಲ, ಕೋಲು ಸಣ್ಣ. ಕೊನೆಗೆ ಆ ದಾನ ಅಲ್ಲೇ ಬಿತ್ತು.

ನಾನು ಹೇಳಿದೆ: "ನಿಮ್ಮ ಕೋಲೂ ಬೇಡ, ಕಂಬಳಿಯೂ ಬೇಡ. ದೊಡ್ಡಾಸ್ಪತ್ರೇಲಿ ಚೀಟಿಗೋಸ್ಕರ ಬೆಳಗಾಗೋ ಮುಂಚೆ ಸಾಲು ನಿಲ್ಬೇಕು. ಕಾಯಿಲೆಯವರು ನಿಂತು ನಿಂತೇ ಬೀಳ್ತಾರೆ. ಖಾಲಿ ಕೂರೋದ್ರಲ್ಲಿ ನಮ್ಮ ಸಂಘದವರನ್ನ ಮೀರಿಸೋರು ಈ ಊರಲ್ಲಿಲ್ಲ. ಅದನ್ನೇ ಕೊಡಿ. ಅವರ ಬದಲು ಹೋಗಿ ಸಾಲಿನಲ್ಲಿ ಕೂರಿ. ಜೊತೆಗೆ, ಆಸ್ಪತ್ರೆ ತೆಗೀರಿ ಅಂತ ನಗರಸಭೇಲಿ ಎದ್ದು ಕೇಳಿ. ಬರೀ ಕೊಡ್ತಾ ಹೋದ್ರೆ ಅವರಿಗೆ ಆರಾಮು. ಬರೀ ಕೇಳ್ತಾ ಹೋದ್ರೆ ಅಷ್ಟರಲ್ಲಿ ಜನ ಸಾಯ್ತಾರೆ. ಎರಡೂ ಮಾಡ್ಬೇಕು."

ಇಷ್ಟು ಹೇಳುವಷ್ಟರಲ್ಲಿ ದನಿ ಸತ್ತುಹೋಯಿತು. ಬಿಸಿನೀರು ಕುಡಿಯುತ್ತಿದ್ದೇನೆ. ಹೆದರಬೇಡ. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಲೈನಿನಲ್ಲಿ ಮೆಷಿನಿನ ಸದ್ದು ಮೀರಿ ಅರಚಿ ಅರಚಿ ಬೆಳೆಸಿದ ಗಂಟಲು ಇದು, ಅಷ್ಟು ಸುಲಭಕ್ಕೆ ಸೋಲುವುದಿಲ್ಲ.

ನಿನ್ನ ಮಗಳಿಗೆ ಮುತ್ತು. ನಿನ್ನ ಗಂಡನಿಗೆ ನಮಸ್ಕಾರ, ಆದರೆ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಹೇಳು.

ನಿನ್ನ,
ಮೈಕಕ್ಕ

* * *

ಮಾರ್ಚ್ 2

ಸೂಜಿ,

"ಮೊದಲು ಡಾಕ್ಟರ ಹತ್ತಿರ ಹೋಗು, ಆಮೇಲೆ ಕ್ರಾಂತಿ ಮಾಡು" ಅಂತ ಬರೆದಿದ್ದೀಯ. ಓದಿ ನಕ್ಕೆ. ನಕ್ಕರೆ ಸದ್ದೇ ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಹೋಗುತ್ತೇನೆ, ಹೋಗುತ್ತೇನೆ. ಬ್ರೇಕೂ ದಿನಾ ಇದೇ ರಾಗ. "ಅಕ್ಕಾ, ನಾಳೆ ಸಾ... ಸಾಲಲ್ಲಿ ನಿಂಗೂ ಒಂದು ಜಾಗ ಹಿಡೀಲಾ?" ನಾನು ಕೈಯಾಡಿಸಿ ಬಿಡುತ್ತೇನೆ. ನನಗಿಂತ ಮುಂಚೆ ಹೋಗಬೇಕಾದವರು ಎಷ್ಟೋ ಜನ ಇದ್ದಾರೆ.

ನೀನು ನಂಬುವುದಿಲ್ಲ, ಆದರೂ ಕೇಳು. ನಮ್ಮ ಸೋಮಾರಿಗಳು ಸಾಲಿನಲ್ಲಿ ಕೂರುತ್ತಿದ್ದಾರೆ! ಕೋಳಿ ಕೂಗುವ ಹೊತ್ತಿಗೆ ಬ್ರೇಕು ವ್ಯಾನು ತಂದು ಸೈಕಲ್ ಅಂಗಡಿಯ ಮುಂದೆ ನಿಲ್ಲಿಸುತ್ತಾನೆ. ಕೇರಂ ಗಿರಾಕಿಗಳು ಕಣ್ಣುಜ್ಜುತ್ತಾ ಹತ್ತುತ್ತಾರೆ. ದೊಡ್ಡಾಸ್ಪತ್ರೆಯ ಜಗಲಿಯಲ್ಲಿ ಒಬ್ಬೊಬ್ಬರೂ ಒಬ್ಬೊಬ್ಬ ಕಾಯಿಲೆಯವರ ಹೆಸರು ಹಿಡಿದು ಕೂರುತ್ತಾರೆ. ಬಿಸಿಲೇರಿದ ಮೇಲೆ ಬ್ರೇಕು ಕಾಯಿಲೆಯವರನ್ನು ಕರೆತರುತ್ತಾನೆ, ಇವರು ಎದ್ದು ಜಾಗ ಬಿಡುತ್ತಾರೆ. ಮೊನ್ನೆ ನಮ್ಮವನೊಬ್ಬ ಬಸುರಿಯೊಬ್ಬಳ ಬದಲು ಕೂತಿದ್ದಾನೆ. ಸಾಲು ಬೇಗ ಬೇಗ ಸರಿದು ಡಾಕ್ಟರ ಬಾಗಿಲೇ ಬಂದುಬಿಟ್ಟಿದೆ. ಆಯಾ ಹೆಸರು ಕೂಗಿದ್ದಾಳೆ, ಇವನು ಮೀಸೆ ಮುಟ್ಟಿಕೊಳ್ಳುತ್ತಾ ಎದ್ದು ನಿಂತಿದ್ದಾನೆ. "ಎಷ್ಟು ತಿಂಗಳಪ್ಪಾ ನಿಂಗೆ?" ಅಂದಳಂತೆ ಆಯಾ. ಇಡೀ ಜಗಲಿ ಬಿದ್ದು ಬಿದ್ದು ನಕ್ಕಿತಂತೆ.

ಮೊದಮೊದಲು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಈಗ ಮರೆತಿದ್ದಾರೆ. ಇಸ್ತ್ರಿ ಅತ್ತಿಗೆ ನಿನ್ನೆ ಹೇಳಿದಳು: "ಇಷ್ಟು ವರ್ಷ ಬೇರೆಯವರ ಬಟ್ಟೆ ನೋಡ್ದೆ. ಈಗ ಬಟ್ಟೆ ಒಳಗಿನ ಜನ ಕಾಣ್ತಿದ್ದಾರೆ ಅಕ್ಕಾ."

ಕೊಡುವುದು ಕಲಿತರು. ಕೇಳುವುದು ಬರುತ್ತಿಲ್ಲ. ನಗರಸಭೆಯಲ್ಲಿ ಜನರ ಅಹವಾಲು ಕೇಳುವ ದಿನ ಬರುತ್ತಿದೆ. ನಮ್ಮ ಸಂಘಕ್ಕೂ ಸರದಿ ಸಿಕ್ಕಿದೆ. "ನೀನೇ ಮಾತಾಡಕ್ಕಾ, ನಾವು ಹಿಂದಿರ್ತೀವಿ" ಅಂತ ಎಲ್ಲರದೂ ಒಂದೇ ಹಾಡು. ಹಿಂದಿರ್ತಾರಂತೆ! ಯಾವತ್ತು ಮುಂದಿದ್ದರು? ನಾನು "ಬೇಕೇ ಬೇಕು" ಅನ್ನುವುದು, ಅವರು "ನ್ಯಾಯ ಬೇಕು" ಅನ್ನುವುದು. ನಾನು ನಿಲ್ಲಿಸಿದರೆ ಅವರೂ ನಿಲ್ಲುತ್ತಾರೆ. ಎಷ್ಟು ವರ್ಷದ ಹೋರಾಟ ನಮ್ಮದು, ಸೂಜಿ! ಅಷ್ಟೂ ವರ್ಷ ಈ ಜನರ ಬಾಯಿಂದ ಮೊದಲ ಕೂಗು ಹುಟ್ಟಲೇ ಇಲ್ಲ, ಎರಡನೆಯದೇ ಆಯಿತು. ಎಲ್ಲ ಪಾರ್ಟಿಗೂ ಬೇಕಾಗಿರುವುದು ಇಂಥವರೇ. ಮೇಲಿನವನು ಕೂಗಿದ್ದಕ್ಕೆ ಓಗೊಡುವವರು. ಮೇಲಿನವನು ಸುಮ್ಮನಾದರೆ ಇವರ ಅಪ್ಪ ಸತ್ತರೂ ಸುಮ್ಮನಿರುವವರು.

ಅದಕ್ಕೇ ಹಟ ಹಿಡಿದೆ. ನಾನು ಮಾತಾಡುವುದಿಲ್ಲ ಅಂದೆ. ನನಗೆ ದನಿಯೂ ಇಲ್ಲವಲ್ಲ, ಒಳ್ಳೇ ನೆಪ. ಸಂಜೆ ಹೊತ್ತು ಒಬ್ಬೊಬ್ಬರನ್ನೇ ಡ್ರಮ್ಮಿನ ಪಕ್ಕ ನಿಲ್ಲಿಸಿ ಮಾತಾಡಿಸುತ್ತಿದ್ದೇನೆ. "ಧಿಕ್ಕಾರ" ಅನ್ನಬಾರದು. "ಗಣ್ಯರೇ" ಅನ್ನಬಾರದು. ನಿನಗೇನಾಯಿತೋ ಅದನ್ನು, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳು. ಇಷ್ಟೇ ನನ್ನ ಪಾಠ, ಅದೂ ಪಿಸುಮಾತಿನಲ್ಲಿ.

ಸಿಮೆಂಟಣ್ಣನಿಗೆ "ವೇದಿಕೆ ಮೇಲಿರುವ ಗಣ್ಯರೇ" ಬಿಟ್ಟರೆ ಮುಂದಕ್ಕೆ ಬಾಯಿ ಓಡುವುದಿಲ್ಲ. "ಅಣ್ಣಾ, ಇಲ್ಲಿ ವೇದಿಕೇನೂ ಇಲ್ಲ, ಗಣ್ಯರೂ ಇಲ್ಲ, ಡ್ರಮ್ಮು ಮಾತ್ರ ಇರೋದು" ಅಂದಳು ಇಸ್ತ್ರಿ ಅತ್ತಿಗೆ. ಅವನು ಕೋಪ ಮಾಡಿಕೊಂಡು ಮೆಟ್ಟಿಲಿಳಿದು ಹೋದ. ಮೇಲಿನವರಿಗೆ ಫೋನ್ ಮಾಡಿ ಚಾಡಿ ಹೇಳಿದ್ದಾನೆ ಅಂತಲೂ ಸುದ್ದಿ. ಹೇಳಲಿ.

ನನಗೆ ಚಿಂತೆ ಬ್ರೇಕುದು. ದಿನಾ ಬರುತ್ತಾನೆ, ಡ್ರಮ್ಮಿನ ಪಕ್ಕ ನಿಲ್ಲುತ್ತಾನೆ. "ನಮ್ಮಪ್ಪ" ಅನ್ನುತ್ತಾನೆ. ಅಲ್ಲಿಗೆ ನಿಂತುಹೋಗುತ್ತದೆ. ಕತ್ತಿನ ನರ ಉಬ್ಬುತ್ತದೆ, ಕಣ್ಣು ಕೆಂಪಾಗುತ್ತದೆ, ಮುಂದಿನ ಮಾತು ಹೊರಡುವುದೇ ಇಲ್ಲ. ನಾಲಿಗೆಯದೋ ದುಃಖದ್ದೋ, ಯಾವುದು ತಡೆಯುತ್ತಿದೆ ಅಂತ ಹೇಳುವ ಹಾಗಿಲ್ಲ. "ಬೇಡ ಬಿಡಪ್ಪಾ, ನಿನ್ನ ಬದಲು ಅತ್ತಿಗೆ ಹೇಳ್ತಾಳೆ" ಅಂದೆ. ತಲೆಯಾಡಿಸಿದ. "ನಾ... ನಾನೇ." ಅಷ್ಟೇ.

ಮಾತು ಹೊರಡದಿದ್ದರೆ ಹೇಗಿರುತ್ತದೆ ಅಂತ ಈಗ ನನಗೂ ಸ್ವಲ್ಪ ಗೊತ್ತಾಗುತ್ತಿದೆ. ಹಗಲೆಲ್ಲ ಬಾಯಿ ಮುಚ್ಚಿಕೊಂಡಿರುತ್ತೇನೆ. ಇರುವ ಚೂರು ದನಿಯನ್ನು ಸಂಜೆ ಬಾಗಿಲಿಗೆ ಬಾಯಿ ಹಚ್ಚಿ "ಅಮ್ಮಾ" ಅನ್ನುವುದಕ್ಕೆ ಉಳಿಸಿಟ್ಟುಕೊಳ್ಳುತ್ತೇನೆ. "ಏನೇ, ಕಪ್ಪೆ ನುಂಗಿದ್ಯಾ?" ಅನ್ನುತ್ತಾ ಚಿಲಕ ತೆಗೆಯುತ್ತಾಳೆ.

ಮಗಳಿಗೆ ಪರೀಕ್ಷೆ ಅಂದಿದ್ದೆ. ಹೆದರಬೇಡ ಅನ್ನು, ಚೆನ್ನಾಗಿ ಬರೀಲಿ.

ನಿನ್ನ,
ಮೈಕಕ್ಕ (ಹೆಸರಿಗೆ ಮಾತ್ರ)

* * *

ಏಪ್ರಿಲ್ 17

ಪ್ರೀತಿಯ ಸೂಜಿ,

ಮತ್ತೆ ತಡವಾಯಿತು. ಈ ಸಲ ಕ್ಷಮೆ ಕೇಳುವುದಕ್ಕೂ ಮುಖವಿಲ್ಲ. ನಿನ್ನ ಮೂರು ಕಾಗದಗಳು ಮುಂದಿವೆ, ಒಂದಕ್ಕಿಂತ ಒಂದು ಖಾರ. ನಾಲ್ಕನೆಯದು ಬರುವ ಮುಂಚೆ ಎಲ್ಲ ಹೇಳಿಬಿಡುತ್ತೇನೆ. ಟೀ ಕಾಯಿಸಿಕೊಂಡು ಕೂತು ಓದು.

ಅಹವಾಲಿನ ದಿನ ನಾವೆಲ್ಲ ಬ್ರೇಕುವಿನ ವ್ಯಾನಿನಲ್ಲೇ ಹೋದೆವು. ನಗರಸಭೆಯ ಮೀಟಿಂಗ್ ಹಾಲ್ ನೀನು ನೋಡಿಲ್ಲ. ಮೇಲೆ ಫ್ಯಾನು, ಕೆಳಗೆ ಕಂಬಳಿ ಹಾಸಿದಂಥ ನೆಲ, ಸದಸ್ಯರ ಮುಂದೆ ಕತ್ತು ಬಗ್ಗಿಸಿದ ಮೈಕುಗಳು. ಜನರಿಗೆ ಮಾತ್ರ ಹಿಂದಿನ ಬೆಂಚು, ಎಲ್ಲರಿಗೂ ಸೇರಿ ಒಂದೇ ಮೈಕು. ಘೋಷಣೆ ಕೂಗಿದರೆ ಹೊರಗೆ ಹಾಕುತ್ತೇವೆ ಅಂತ ಗುಮಾಸ್ತ ಬಾಗಿಲಲ್ಲೇ ಗದರಿಸಿದ. ಸಭೆ ನಡೆಸುವ ಮೇಡಂ ಯಾರು ಗೊತ್ತಾ? ನಾನೂ ನೀನೂ ಬಾಗಿಲು ಬಾಗಿಲು ತಟ್ಟಿ ಯಾರಿಗೆ ಓಟು ಕೇಳಿದೆವೋ ಅವರೇ. ನಮ್ಮ ಕಡೆ ನೋಡಿ ಮುಗುಳ್ನಕ್ಕರು. ಅರ್ಜಿ ಓದಿದ ಮೇಲೆ ಆ ನಗು ಮಾಯ.

ಸಿಮೆಂಟಣ್ಣ ಬಂದಿರಲಿಲ್ಲ. ಅವತ್ತೇ ಅವನಿಗೆ ಹೊಟ್ಟೆನೋವು. ಸಣ್ಣಾಸ್ಪತ್ರೆ ಇದ್ದಿದ್ದರೆ ತೋರಿಸಿಕೊಂಡು ಬರಬಹುದಿತ್ತು, ಪಾಪ.

ಮೊದಲು ಇಸ್ತ್ರಿ ಅತ್ತಿಗೆ ಎದ್ದಳು. ಮೈಕನ್ನು ಬೆರಳಲ್ಲಿ ತಟ್ಟಿ, "ಇದು ಆನ್ ಆಗಿದ್ಯಾ?" ಅಂದಳು. ಆಮೇಲೆ ತೋಳು ಮೇಲೆತ್ತಿ ಸುಟ್ಟ ಗಾಯದ ಗುರುತು ತೋರಿಸಿದಳು. "ಕೆಂಡ ಬಿದ್ದಾಗ ಸಣ್ಣಾಸ್ಪತ್ರೆ ಬಾಗಿಲಿಗೆ ಓಡ್ದೆ. ಬೀಗ ಇತ್ತು. ಮೇಡಂ, ನೀವು ಹಾಕಿರೋ ಬಟ್ಟೆ ನಾನೇ ಇಸ್ತ್ರಿ ಮಾಡಿದ್ದು. ಎಲ್ಲಾದ್ರೂ ಒಂದು ಸುಕ್ಕು ಇದ್ರೆ ತೋರ್ಸಿ. ನನ್ನ ಕೆಲಸ ನಾನು ಸರಿಯಾಗಿ ಮಾಡಿದ್ದೀನಿ. ನಿಮ್ಮದು?" ಅಂದವಳೇ ಕೂತುಬಿಟ್ಟಳು. ಮೇಡಂ ತೋಳಿನ ಮಡಿಕೆ ನೋಡಿಕೊಂಡರು ಕಣೇ! ನಿಜವಾಗಿ ನೋಡಿಕೊಂಡರು!

ಆಮೇಲೆ ಬ್ರೇಕು.

ಎದ್ದ. ಒಗೆದ ಅಂಗಿ ಹಾಕಿಕೊಂಡಿದ್ದ. ಮೈಕಿನ ಕತ್ತು ಹಿಡಿದುಕೊಂಡ. "ನಮ್ಮಪ್ಪ" ಅಂದ. ನಿಂತುಹೋಯಿತು. ಸದಸ್ಯರೊಬ್ಬರು ಗಡಿಯಾರ ನೋಡಿದರು. "ನಮ್ಮಪ್ಪ" ಅಂದ ಮತ್ತೆ. ಮತ್ತೆ ನಿಂತ. ನಮ್ಮವರೆಲ್ಲ ತಿರುಗಿ ನನ್ನನ್ನು ನೋಡಿದರು. ಯಾವತ್ತೂ ನೋಡುತ್ತಿದ್ದ ಹಾಗೆ, ಅಕ್ಕ ಎತ್ತಿಕೊಡುತ್ತಾಳೆ ಅಂತ. ನನಗೆ ತಡೆಯಲಾಗಲಿಲ್ಲ ಸೂಜಿ. ಹಟ ಗಿಟ ಎಲ್ಲ ಬಿಟ್ಟು ಎದ್ದೆ. ಬಾಯಿ ತೆರೆದೆ. ಬರೀ ಗಾಳಿ ಬಂತು. ಪಿಸುಮಾತೂ ಇಲ್ಲ. ಬಾಯಿ ತೆರೆದುಕೊಂಡೇ ನಿಂತಿದ್ದೆ.

ಆಗ ಆ ಪೆದ್ದರು ಏನು ಮಾಡಿದರು ಗೊತ್ತಾ? ನನ್ನ ಬಾಯಿ ತೆರೆದದ್ದು ಕಂಡಿತಲ್ಲ, ವರ್ಷಗಟ್ಟಲೆಯ ಅಭ್ಯಾಸ, ಕೇಳಿಸಿದ ಕೊನೇ ಮಾತನ್ನೇ ಹಿಡಿದು ಓಗೊಟ್ಟರು. ಇಡೀ ಬೆಂಚು ಒಂದೇ ಗಂಟಲಲ್ಲಿ, "ನಮ್ಮಪ್ಪ!"

ಹಾಲಿಗೆ ಹಾಲೇ ನಕ್ಕಿತು. ಸದಸ್ಯರು, ಗುಮಾಸ್ತ, ನೀರು ಕೊಡುವವನು, ಎಲ್ಲರೂ. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಮೇಡಂ ಕೈ ಎತ್ತಿದರು, ಹೊರಗೆ ಹಾಕುವುದಕ್ಕೆ.

ಬ್ರೇಕು ಮಾತ್ರ ನಗಲಿಲ್ಲ. ಆ ಓಗೊಟ್ಟ ಸದ್ದು ಅವನನ್ನು ಬೆನ್ನ ಹಿಂದಿನಿಂದ ತಳ್ಳಿತೋ ಏನೋ. "ಉಸಿರಿಗೆ" ಅಂದ.

"ಉಸಿರಿಗೆ!" ಅಂದರು ನಮ್ಮವರು. ಈಗ ನನ್ನ ಕಡೆ ನೋಡಲಿಲ್ಲ, ಅವನ ಕಡೆ ನೋಡುತ್ತಿದ್ದರು.

"ಒದ್ದಾಡ್ತಿದ್ದ."

"ಒದ್ದಾಡ್ತಿದ್ದ!"

"ಗೇಟು ಹಾಕಿತ್ತು."

"ಗೇಟು ಹಾಕಿತ್ತು!"

ನಗು ಎಲ್ಲೆಲ್ಲಿತ್ತೋ ಅಲ್ಲಲ್ಲೇ ಸತ್ತಿತು. ಮೇಡಂ ಎತ್ತಿದ ಕೈ ಹಾಗೇ ಇತ್ತು.

"ನನ್ನ ಕೈ ಹಿಡ್ಕೊಂಡಿದ್ದ."

"ನನ್ನ ಕೈ ಹಿಡ್ಕೊಂಡಿದ್ದ!" ಇಸ್ತ್ರಿ ಅತ್ತಿಗೆಯ ದನಿ ಒಡೆದಿತ್ತು.

"ಬಿಟ್ಬಿಟ್ಟ."

ಅದಕ್ಕೆ ಯಾರೂ ಓಗೊಡಲಿಲ್ಲ. ಒಬ್ಬರೂ ಇಲ್ಲ. ಬ್ರೇಕು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ತಾನೇ, ಒಂದೂ ತಡೆಯಿಲ್ಲದೆ ಹೇಳಿದ: "ಆಸ್ಪತ್ರೆ ತೆಗೀರಿ."

ಕೂತ.

ಸಂತೋಷವಾಯಿತಾ ಅಂತ ಕೇಳು. ಆಯಿತು. ಮೊದಲ ಕೂಗು ಅವರದೇ ಬಾಯಿಂದ ಬಂತು. ನಾನು ಬಾಯಿ ತೆರೆದು ನಿಂತಿದ್ದೆ ಅಷ್ಟೇ, ಯಾರಿಗೂ ಬೇಕಾಗಲಿಲ್ಲ. ಆಗಬೇಕಾದ್ದೇ ಅದು. ಆಮೇಲೆ ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸದ್ದು ಮುಚ್ಚುವುದಕ್ಕೆ ಅಂತ ಬಿಟ್ಟೆ. ಮುಚ್ಚಲು ಸದ್ದೇ ಇರಲಿಲ್ಲ.

ಪೂರ್ತಿ ಗೆದ್ದೆವು ಅಂದುಕೊಳ್ಳಬೇಡ. ಗೆಲ್ಲಿಸಿದರೆ ಅದು ನಗರಸಭೆ ಹೇಗಾಗುತ್ತದೆ! ವಾರಕ್ಕೆ ಎರಡು ಬೆಳಗ್ಗೆ ಡಾಕ್ಟರು ಬರುತ್ತಾರೆ, ನರ್ಸಮ್ಮನನ್ನು ವಾಪಸ್ಸು ಕಳಿಸಿದ್ದಾರೆ. ಉಳಿದ ದಿನ ಯಾರಿಗೂ ಉಬ್ಬಸ ಬರಬಾರದು ಅಂತ ಠರಾವು ಮಾಡಿರಬೇಕು. ಉಳಿದ ದಿನಗಳಿಗಾಗಿ ಸಂಘ ಮತ್ತೆ ಹೋಗುತ್ತದೆ. ಅಲ್ಲಿಯವರೆಗೆ ವ್ಯಾನು ನಿಂತಿಲ್ಲ, ಸಾಲು ಕೂರುವುದೂ ನಿಂತಿಲ್ಲ.

ಬಾಗಿಲು ತೆಗೆದ ದಿನ ನಮ್ಮ ಸಿಮೆಂಟಣ್ಣನ ಹೊಟ್ಟೆನೋವು ವಾಸಿಯಾಗಿತ್ತು. "ನಮ್ಮ ನಾಯಕರ ಸಾಧನೆ" ಅಂತ ಇಷ್ಟಗಲದ ಬ್ಯಾನರು, ಈ ಸಲ ಮುಖಕ್ಕೆ ಜಾಗ ಬೇಕಾದಷ್ಟಿತ್ತು. ಬ್ರೇಕು ಮಾತಾಡದೆ ಅದನ್ನು ಬಿಚ್ಚಿ, ತಿರುವಿಹಾಕಿ, ಸಾಲು ನಿಂತವರ ತಲೆಯ ಮೇಲೆ ನೆರಳಿಗೆ ಕಟ್ಟಿದ. "ಅಣ್ಣಾ, ಕೊಟ್ರೆ ಹೀಗೆ ಕೊಡ್ಬೇಕು" ಅಂದಳು ಇಸ್ತ್ರಿ ಅತ್ತಿಗೆ. ಆಶ್ಚರ್ಯ ಏನು ಗೊತ್ತಾ? ಸಿಮೆಂಟಣ್ಣ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ತನ್ನ ಮುಖದ ನೆರಳಿನಲ್ಲಿ ತಾನೇ ನಿಂತಿದ್ದು, ಆಮೇಲೆ ಹೋಗಿ ಅಂಗಡಿಯಿಂದ ಎರಡು ಬೆಂಚು ಹೊರಿಸಿಕೊಂಡು ಬಂದ. ಅದರ ಮೇಲೆ ಹೆಸರು ಬರೆಸಿಲ್ಲ. ಇಲ್ಲಿಯವರೆಗೆ ಬರೆಸಿಲ್ಲ, ಮುಂದಿನದು ಕಾದು ನೋಡಬೇಕು.

ಇನ್ನು ಮುಂದೆ ಸಭೆ ಅಂದರೆ ಬ್ರೇಕು ಮೊದಲು ಮಾತಾಡುತ್ತಾನೆ ಅಂತ ಎಲ್ಲರೂ ಒಪ್ಪಿದ್ದಾರೆ. ಅವನ ಸ್ವಂತ ಹೆಸರೇನು ಅಂತ ಕೇಳಿ ತಿಳಿದುಕೊಂಡೂ ಆಯಿತು. ಈಗ ಆ ಹೆಸರಲ್ಲೇ ಕರೆಯುತ್ತಿದ್ದೇವೆ, ನಿನಗೆ ಗುರುತು ಸಿಗಲಿ ಅಂತ ಇಲ್ಲಿ ಮಾತ್ರ ಬ್ರೇಕು ಅಂತ ಬರೆದೆ. ಅವನೇ ಒಮ್ಮೊಮ್ಮೆ ಮರೆತು ಓಗೊಡುವುದಿಲ್ಲ.

ನಿನ್ನ ಮಗಳು ಪಾಸಾದಳಂತೆ. ತುಂಬಾ ಖುಷಿಯಾಯಿತು. ದೊಡ್ಡವಳಾಗಲಿ, ಧೈರ್ಯವಂತೆಯಾಗಲಿ, ಅನ್ಯಾಯ ಕಂಡ ಕಡೆ ಎದ್ದು ಕೇಳುವ ಬಾಯಿ ಅವಳದಾಗಲಿ. ಯಾರೋ ಎತ್ತಿಕೊಡಲಿ ಅಂತ ಕಾಯದಿರಲಿ. ನೀನೂ ನಿನ್ನ ಗಂಡನೂ ಚೆನ್ನಾಗಿರಿ. ಅವನ ಮೇಲಿನ ಸಿಟ್ಟು ಇಳಿದಿದೆ ಅಂತ ಹೇಳು. ಇಷ್ಟು ದಿನ ಸಿಟ್ಟಿಟ್ಟುಕೊಳ್ಳುವುದಕ್ಕೂ ಮೈಯಲ್ಲಿ ಬಲ ಬೇಕು.

ಎಂದೆಂದಿಗೂ ನಿನ್ನವಳೇ,
ಮೈಕಕ್ಕ

ತಾ. ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಿನಗೆ ಹೇಳದೆ ಇದ್ದರೆ ಯಾರಿಗೆ ಹೇಳಲಿ?

ಸಣ್ಣಾಸ್ಪತ್ರೆ ತೆಗೆದ ದಿನ ಸಾಲೆಲ್ಲ ಮುಗಿದ ಮೇಲೆ ನರ್ಸಮ್ಮ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. "ಯಾವಾಗಿಂದ ಹೀಗಿದೆ?" ಅಂದಳು. ಹೇಳಿದೆ. "ನಾನು ಇಲ್ಲಿದ್ದಿದ್ರೆ ಅವತ್ತೇ ಕಳಿಸ್ತಿದ್ದೆ" ಅಂದವಳೇ ಡಾಕ್ಟರನ್ನು ಕರೆದಳು. ಡಾಕ್ಟರು ಬೆಳಕು ಬಿಟ್ಟು ನೋಡಿದರು, ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಪರೀಕ್ಷೆ ಮಾಡಿ ಹೇಳಿದರು: ಗಂಟಲಿನ ಗಡ್ಡೆ, ಕೆಟ್ಟದ್ದು. ಬರುವ ವಾರ ದನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಜೀವಕ್ಕೆ ಅಪಾಯವಿಲ್ಲವಂತೆ. ದನಿ ಮಾತ್ರ ಇನ್ನಿಲ್ಲ. ನನಗಿಂತ ಮುಂಚೆ ಹೋಗಬೇಕಾದವರು ಇದ್ದಾರೆ ಅಂತ ಬರೆದಿದ್ದೆನಲ್ಲ, ಅದನ್ನು ದೊಡ್ಡ ತ್ಯಾಗ ಅಂದುಕೊಳ್ಳಬೇಡ. ಹೆದರಿಕೆ ಕಣೇ. ನರ್ಸಮ್ಮ ಇದ್ದಿದ್ದರೆ ಹೋಗುತ್ತಿದ್ದೆ. ಆ ದೊಡ್ಡ ಕಟ್ಟಡಕ್ಕೆ ಒಬ್ಬಳೇ ಹೋಗಿ ಕೇಳಲು ಹೆದರಿಕೆ.

ಬ್ರೇಕು ಕರೆದುಕೊಂಡು ಹೋಗುತ್ತಾನೆ. ನನ್ನ ಬದಲು ಸಾಲಿನಲ್ಲಿ ಸಿಮೆಂಟಣ್ಣನೇ ಕೂರುತ್ತಾನಂತೆ. ನೀನು ಓಡಿ ಬರಬೇಡ. ಒಂದೇ ಒಂದು ಕೆಲಸ ಮಾಡು. ಆ ಬೈಗುಳದ ಆಡಿಯೋ ಅಳಿಸಬೇಡ. ನನಗೆ ಕಳಿಸು. ಹುಡುಕಿದೆ, ನನ್ನ ಫೋನಿನಲ್ಲಿದ್ದದ್ದು ಅಳಿಸಿಹೋಗಿದೆ, ನನ್ನ ದನಿ ಬೇರೆ ಎಲ್ಲೂ ಇಲ್ಲ. ಇಷ್ಟು ವರ್ಷ ಬೀದಿ ಬೀದಿಯಲ್ಲಿ ಕೂಗಿದ್ದನ್ನು ಒಬ್ಬರೂ ಹಿಡಿದಿಟ್ಟಿಲ್ಲ. ಬಾಗಿಲ ಹೊರಗೆ ನಿಂತು ಅದನ್ನೇ ಹಾಕುತ್ತೇನೆ. "ಲೇ ಸೂಜಿ, ಹೇಳ್ದೆ ಕೇಳ್ದೆ ಹೊರಟ್ಯಾ" ಅನ್ನುವುದು ಕೇಳಿದರೆ ಅಮ್ಮ ಚಿಲಕ ತೆಗೆಯಬಹುದು.

ಅವಳಿಗೆ ಇನ್ನೂ ಹೇಳಿಲ್ಲ. ಈಗಲೇ ಅಭ್ಯಾಸವಾಗಲಿ ಅಂತ ನಿನ್ನೆ ಸಂಜೆ, ಇನ್ನೂ ಹೇಗೋ ಹೊರಡುವ ಆ "ಅಮ್ಮಾ" ಕೂಡ ಅನ್ನದೆ ಬಾಗಿಲು ತಟ್ಟಿದೆ, ಮೆಲ್ಲಗೆ, ಎರಡು ಸಲ. ಒಳಗೆ ಕೋಲು ಎತ್ತಿಕೊಂಡ ಸದ್ದಾಯಿತು. "ಯಾರು?" ಅಂದಳು. ಮತ್ತೆ ತಟ್ಟಿದೆ. ಬಾಗಿಲ ಹತ್ತಿರಕ್ಕೆ ಬಂದಳು. ಹಲಗೆಯ ಈ ಕಡೆ ನನ್ನ ಅಂಗೈ ಇತ್ತು, ಆ ಕಡೆ ಅವಳ ಉಸಿರು ಕೇಳುತ್ತಿತ್ತು.

"ಯಾರು ಅಂತ ಕೇಳ್ತಿಲ್ವಾ? ಬಾಯಿ ಬಿದ್ದೋಗಿದ್ಯಾ?" ಅಂದಳು. "ನಿಂತ್ಕೊ, ನನ್ನ ಮಗಳು ಬರೋ ಹೊತ್ತಾಯ್ತು. ಅವಳ ದನಿ ಕೇಳಿದ್ರೆ ಓಡಿಹೋಗ್ತೀಯ."